ಹೂಬತ್ತಿಯ ಹೊತ್ತಿನ ಭೌತಶಾಸ್ತ್ರ

ನವರಾತ್ರಿಗೆ ಮುಂಚೆ ಅಡುಗೆಮನೆಯ ಶೆಲ್ಫುಗಳನ್ನೆಲ್ಲ ಒರೆಸಿ ಹೊಸ ಕಾಗದ ಹಾಸುವುದು ನಮ್ಮಮ್ಮನಿಂದ ಬಂದ ಅಭ್ಯಾಸ. ಈ ಸಲ ಅವಲಕ್ಕಿ ಡಬ್ಬಿ ಎತ್ತಿದರೆ ಅದರ ಕೆಳಗೆ ಎರಡು ಕಿಲೋದ ಒಂದು ಮರದ ತುಂಡು ಇಳಿಜಾರಿನಲ್ಲಿ ಜಾರುತ್ತಿತ್ತು. ಗಾಬರಿಯಾಗಬೇಡಿ, ಚಿತ್ರದಲ್ಲಿ. ತುಂಡಿನ ಪಕ್ಕ ಒಂದು ಬಾಣ, ಬಾಣದ ತುದಿಯಲ್ಲಿ ಎಣ್ಣೆಯ ಕಲೆ, ಅದರ ಕೆಳಗೆ ಕೆಂಪು ಇಂಕಿನಲ್ಲಿ ನನ್ನದೇ ಅಕ್ಷರ: 'ತಪ್ಪು'. ಆಮೇಲೆ ಅದನ್ನು ಹೊಡೆದುಹಾಕಿ 'ಸರಿ'. ಕಡಲೆಬೇಳೆ ಡಬ್ಬಿಯ ಅಡಿಯಲ್ಲೂ ಅದೇ ಕಥೆ. ತಪ್ಪು, ಹೊಡೆದುಹಾಕಿ ಸರಿ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನನ್ನ ಮಗಳು ನಿಧಿ ಹನ್ನೆರಡನೆಯ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೆ ದಿನಾ ಸಂಜೆ ಭೌತಶಾಸ್ತ್ರದ ಪರೀಕ್ಷೆ ಕೊಡುತ್ತಿದ್ದೆ. ಆ ಕಾಗದಗಳು ಇವು. ನನ್ನ ಓದು ಬಿ.ಎ., ಅದೂ ಐಚ್ಛಿಕ ಕನ್ನಡ. ನಗುವುದಾದರೆ ಈಗಲೇ ನಕ್ಕುಬಿಡಿ.

ನಾವಿರುವುದು ಗ್ರೇಟರ್ ನೋಯ್ಡಾದ ಹನ್ನೊಂದನೆಯ ಮಹಡಿಯಲ್ಲಿ. ನಮ್ಮವರು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದಾರೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಲಿಫ್ಟು ಕೆಡದೆ ಇದ್ದ ದಿನ, ನಲ್ಲಿಯ ನೀರು ಮಣ್ಣಿನ ಬಣ್ಣಕ್ಕೆ ತಿರುಗದ ದಿನ, ಅವರು ಮನೆಗೆ ಬಂದಮೇಲೂ ಮಾತಾಡುವಷ್ಟು ಕಸುವು ಉಳಿಸಿಕೊಂಡಿದ್ದ ದಿನ, ನಾನು ದೇವರಿಗೆ ಒಂದೊಂದು ಹೂವು ಹೆಚ್ಚಿಗೆ ಇಡುತ್ತೇನೆ. ದೊಡ್ಡದನ್ನು ಕೇಳಿ ಅಭ್ಯಾಸವಿಲ್ಲ ನನಗೆ. ಕೇಳಿದ್ದು ಒಂದೇ ಸಲ, ಆ ವರ್ಷದ ಅಕ್ಟೋಬರಿನಲ್ಲಿ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಿಧಿಗೆ ಭೌತಶಾಸ್ತ್ರದಲ್ಲಿ ಎಪ್ಪತ್ತಕ್ಕೆ ಇಪ್ಪತ್ತೆಂಟು ಬಂದಿತ್ತು. ನಮ್ಮವರು ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಹೇಳಿದರು, "ಹಾಸ್ಟೆಲ್ ಇರೋ ಕೋಚಿಂಗ್‌ಗೆ ಹಾಕಿಬಿಡೋಣ ಕಣೇ. ದೆಹಲಿಯಲ್ಲೇ. ತಿಂಗಳಿಗೆ ಒಂದು ಭಾನುವಾರ ಮನೆಗೆ ಕಳಿಸ್ತಾರಂತೆ."

ತಿಂಗಳಿಗೆ ಒಂದು ಭಾನುವಾರ! ಹದಿನೇಳು ವರ್ಷದ ಹುಡುಗಿ ಮನೆಯಲ್ಲಿರುವ ಕೊನೆಯ ವರ್ಷ ಅದು ಅಂತ ನಾನು ಆಗಲೇ ಬೆರಳು ಮಡಿಚಿ ಎಣಿಸುತ್ತಿದ್ದೆ. ಅದನ್ನೂ ಕೊಟ್ಟುಬಿಡುವುದೇ?

"ಒಂದು ತಿಂಗಳು ತಡೀರಿ," ಅಂದೆ. "ದಿನಾ ಸಂಜೆ ನಾನು ಕೂರಿಸಿಕೊಂಡು ಪ್ರಶ್ನೆ ಕೇಳ್ತೀನಿ. ನವೆಂಬರ್ ಕೊನೆಯಲ್ಲಿ ಸ್ಕೂಲಿನ ಟೆಸ್ಟ್ ಇದೆಯಲ್ಲ, ಅದರಲ್ಲಿ ಐವತ್ತು ದಾಟಲಿಲ್ಲ ಅಂದ್ರೆ ಕಳಿಸಿ."

"ನೀನಾ? ನಿನಗೇನು ಗೊತ್ತು ಅದರಲ್ಲಿ?"

"ಗೊತ್ತಿದ್ದವರು ಉತ್ತರ ಹೇಳ್ತಾರೆ. ಪ್ರಶ್ನೆ ಕೇಳೋಕೆ ಗೊತ್ತಿಲ್ಲದವರೇ ಆಗ್ಬೇಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಸಾರು ಬಡಿಸಿಕೊಂಡರು. ನಮ್ಮ ಮನೆಯಲ್ಲಿ ಅದು ಮಂಜೂರಾತಿ.

ಆ ಕಾರ್ತಿಕಕ್ಕೆ ನಾನು ಲಕ್ಷಬತ್ತಿಯ ಹರಕೆ ಹೊತ್ತಿದ್ದೆ, ಯುಗಾದಿಯಿಂದಲೇ ದಿನಾ ನಾಲ್ಕೈದು ಸಲ ಕೂತು ಹೊಸೆಯುತ್ತಿದ್ದೆ. ಹತ್ತಿಯ ಎಳೆ ಬಿಡಿಸಿ, ಬೆರಳಿಗೆ ಒಂಚೂರು ಹಾಲು ಮುಟ್ಟಿಸಿಕೊಂಡು ಹೊಸೆದು ಹೂಬತ್ತಿ ಮಾಡುವುದು. ಕೂತರೆ ನೂರಾಎಂಟು ಮುಗಿಸದೆ ಏಳುವಂತಿಲ್ಲ. ಆದ್ದರಿಂದ ನಮ್ಮ ಪರೀಕ್ಷೆಗೂ ಗಡಿಯಾರ ಬೇಕಾಗಲಿಲ್ಲ. ದೇವರಿಗೆ ದೀಪ ಹಚ್ಚಿ ಚಾಪೆ ಹಾಸಿ ಕೂತರೆ ನೂರಾಎಂಟು ಬತ್ತಿಯ ತನಕ ಪ್ರಶ್ನೆ. ನನ್ನ ಮುಂದೆ ಹತ್ತಿಯ ಬುಟ್ಟಿ, ಅವಳ ಮುಂದೆ ಪ್ರಶ್ನೆಪತ್ರಿಕೆ. ಜೆರಾಕ್ಸ್ ಅಂಗಡಿಯ ಭಯ್ಯಾನ ಹತ್ತಿರ ಅಭ್ಯಾಸ ಪತ್ರಿಕೆಗಳ ಕಟ್ಟು ಸಿಗುತ್ತಿತ್ತು, ಹನ್ನೊಂದು ಹನ್ನೆರಡು ಎರಡೂ ಕ್ಲಾಸಿನ ಪಾಠ ಬೆರೆಸಿದ್ದು. ಬಲ, ಚಲನೆ, ವಿದ್ಯುತ್ ಕ್ಷೇತ್ರ, ಎಲ್ಲ ಅದರಲ್ಲಿ.

ಮೊದಲ ದಿನವೇ ಜಡತ್ವ ಬಂತು. ನಿಧಿ ಕಣ್ಣು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು, ಅರ್ಚನೆ ಮಾಡುವವರು ಹೆಸರು ಗೋತ್ರ ಹೇಳಿದ ಹಾಗೆ.

"ನಂಗೊಂದೂ ಅರ್ಥ ಆಗ್ಲಿಲ್ಲ. ಕನ್ನಡದಲ್ಲಿ ಹೇಳು."

"ಅಮ್ಮಾ, ಯಾರ್! ಫಿಸಿಕ್ಸ್‌ನ ಕನ್ನಡದಲ್ಲಿ ಕೈಸೇ ಹೇಳ್ಲಿ?"

"ಹೆತ್ತ ತಾಯಿಗೆ ಗೆಳತಿಗೆ ಅಂದ ಹಾಗೆ ಯಾರ್ ಅನ್ಬೇಡ. ತಿಂಡಿ ಬೇಕು ಅಂತ ಯಾವ ಕನ್ನಡದಲ್ಲಿ ಕೇಳ್ತೀಯೋ ಅದರಲ್ಲೇ ಹೇಳು."

ಅವಳು ಜಡೆಯ ತುದಿ ಕಚ್ಚಿಕೊಂಡು ಯೋಚಿಸಿದಳು. "ಅಂದ್ರೆ... ಸಾಮಾನು ಆಲಸಿ. ಕೂತಿದ್ರೆ ಕೂತೇ ಇರುತ್ತೆ. ಓಡ್ತಾ ಇದ್ರೆ ಓಡ್ತಾನೇ ಇರುತ್ತೆ. ಯಾರಾದ್ರೂ ಧಕ್ಕಾ ಕೊಡೋವರೆಗೂ."

"ನಿಮ್ಮಪ್ಪನ ಹಾಗೆ."

"ಅಪ್ಪಾ ಸಂಡೇ ಕಾ ಎಕ್ಸಾಂಪಲ್!"

ಇಬ್ಬರೂ ನಕ್ಕೆವು. ನನಗೆ ಅರ್ಥವಾಗಿತ್ತು. ಆಶ್ಚರ್ಯವೆಂದರೆ, ಅವಳಿಗೂ ಆಗಲೇ ಅರ್ಥವಾದದ್ದು. ಆವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಕಾಯಿದೆ ಹುಟ್ಟಿತು: ನನಗೆ ಅರ್ಥವಾದರೆ ಅವಳಿಗೆ ಬಂತು, ನನಗೆ ಆಗದಿದ್ದರೆ ಅವಳಿಗೂ ಬಂದಿಲ್ಲ, ನಾಳೆಗೆ ಇಡು.

ನಾನು ತೀರಾ ಏನೂ ತಿಳಿಯದವಳು ಅಂತಲೂ ಅಲ್ಲ, ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ ಹೈಸ್ಕೂಲು ಓದುವಾಗ ವಿಜ್ಞಾನವೆಂದರೆ ನನಗೆ ಹಬ್ಬ. ಬಾಚಣಿಗೆ ತಲೆಗೆ ಉಜ್ಜಿದರೆ ಕಾಗದದ ಚೂರು ಎಳೆಯುತ್ತದೆ ಅಂತ ಮೇಷ್ಟ್ರು ತೋರಿಸಿದ್ದರು. ಮನೆಗೆ ಬಂದು ಎಷ್ಟು ಉಜ್ಜಿದರೂ ಒಂದು ಚೂರೂ ಅಲ್ಲಾಡಲಿಲ್ಲ. ಎಲ್ಲಿಂದ ಅಲ್ಲಾಡೀತು, ನಮ್ಮಮ್ಮ ದಿನಾ ಬೆಳಿಗ್ಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ಜಡೆ ಹೆಣೆಯುತ್ತಿದ್ದರು. ಕಾಗದ ಬಾಚಣಿಗೆಗೆ ಅಂಟಿದರೆ ಎಣ್ಣೆಗೆ ಅಂಟಬೇಕಷ್ಟೆ. ಸೀಗೆಪುಡಿ ಹಾಕಿ ತಲೆಗೆ ಎರೆದುಕೊಂಡ ದಿನ ಮಾತ್ರ ನನ್ನ ಪ್ರಯೋಗಶಾಲೆ ತೆರೆಯುತ್ತಿತ್ತು. ಕೂದಲು ಆರಿಸಿಕೊಳ್ಳುವ ನೆಪದಲ್ಲಿ ಹಿತ್ತಿಲ ಬಿಸಿಲಲ್ಲಿ ಕೂತು ಬಾಚಣಿಗೆ ಹಿಡಿದರೆ, ಕಾಗದದ ಚೂರುಗಳು ನೆಲದಿಂದ ಎದ್ದು ನಿಂತು, ನಡುಗಿ, ಹಾರಿ ಬರುತ್ತಿದ್ದವು. ಮುಟ್ಟದೆಯೇ ಎಳೆಯುವುದೆಂದರೆ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ನಮ್ಮಜ್ಜಿ ನೋಡಿ, "ತಲೆ ಬಾಚಿದ ಕಸ ಆಯಿತು, ಗುಡಿಸು" ಅಂದರು. ಈಗ ದೆಹಲಿ ಕಡೆಯ ಚಳಿಗಾಲದಲ್ಲಿ ಸ್ವೆಟರ್ ತೆಗೆದರೆ ಚಟಪಟ, ಬಾಗಿಲಿನ ಹಿಡಿ ಮುಟ್ಟಿದರೆ ಚುರ್ರ್. ಇಲ್ಲಿ ಹುಟ್ಟಿದ್ದರೆ ನಾನೂ ವಿಜ್ಞಾನಿಯಾಗುತ್ತಿದ್ದೆನೇನೋ ಅಂತ ಒಬ್ಬಳೇ ನಗುತ್ತೇನೆ.

ಪಿಯುಸಿಗೆ ಹಟ ಹಿಡಿದು ವಿಜ್ಞಾನವನ್ನೇ ತೆಗೆದುಕೊಂಡೆ. ಪಾಠವೆಲ್ಲ ಇಂಗ್ಲಿಷು. ಮೊದಲ ಟೆಸ್ಟಿನಲ್ಲಿ ಉತ್ತರಗಳೆಲ್ಲ ಗೊತ್ತಿದ್ದವು, ಇಂಗ್ಲಿಷು ಗೊತ್ತಿರಲಿಲ್ಲ. ಅರ್ಧ ಕನ್ನಡದಲ್ಲಿ ಬರೆದೆ. ಇಪ್ಪತ್ತೈದಕ್ಕೆ ಮೂರು. ಲೆಕ್ಚರರು ಒಳ್ಳೆಯವರು, ಕರೆದು, "ನಿನಗೆ ವಿಷಯ ಬರುತ್ತಮ್ಮ, ಆರು ತಿಂಗಳು ತಡಕೋ, ಭಾಷೆಯೂ ಬರುತ್ತೆ" ಅಂದರು. ನಾನು ಆರು ದಿನವೂ ತಡೆಯಲಿಲ್ಲ. ಜೀವಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವ ವಾಸನೆಗೆ ತಲೆನೋವು ಬರುತ್ತದೆ ಅಂತ ಮನೆಯಲ್ಲಿ ಹೇಳಿ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡೆ. ಆ ಕಪ್ಪೆಗಳ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಪಾಪ, ಸತ್ತಮೇಲೂ ನನ್ನ ಸುಳ್ಳನ್ನು ಹೊತ್ತವು.

ಹಾಗಾಗಿ ನಿಧಿ ಚಾಪೆಯ ಮೇಲೆ ಕೂತು ಘರ್ಷಣೆಯನ್ನು ವಿವರಿಸುವಾಗ, ಮಗಳ ಓದು ಎಷ್ಟು, ನನ್ನ ಆಸೆ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಎಷ್ಟೋ ಸಂಜೆ ಪ್ರಶ್ನೆ ರುಚಿಯಾಗಿ ಬತ್ತಿಯ ಎಣಿಕೆ ತಪ್ಪುತ್ತಿತ್ತು. ಸಂಶಯಕ್ಕೆ ಇರಲಿ ಅಂತ ಇನ್ನೂ ಹತ್ತು ಹೊಸೆಯುತ್ತಿದ್ದೆ. ದೇವರಿಗೆ ಆ ವರ್ಷ ಲಕ್ಷಕ್ಕಿಂತ ಎಷ್ಟೋ ಹೆಚ್ಚೇ ಸಂದಿರಬೇಕು.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಹೊಸ ಕಟ್ಟು ಬಂತು.

ಇಲ್ಲಿಯ ಪರೀಕ್ಷೆಗಳಲ್ಲಿ ಪಕ್ಕದವರನ್ನು ನೋಡಿ ಬರೆಯಬಾರದು ಅಂತ ಒಂದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಸೆಟ್ ಒಂದು, ಸೆಟ್ ಎರಡು ಅಂತ ಅಚ್ಚು ಹಾಕುತ್ತಾರೆ. ನನಗೆ ಆಗ ಅದು ತಿಳಿದಿರಲಿಲ್ಲ. ಕೊನೆಯ ಹಾಳೆಯಲ್ಲಿ ಉತ್ತರಗಳ ಪಟ್ಟಿ ಇರುತ್ತಿತ್ತು, ಒಂದಕ್ಕೆ ಬಿ, ಎರಡಕ್ಕೆ ಡಿ ಅಂತ. ನಾನು ಅದನ್ನು ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದೆ. ಅಚ್ಚಾಗಿದೆ ಅಂದಮೇಲೆ ಮುಗಿಯಿತು. ಆ ಹೊಸ ಕಟ್ಟಿನಲ್ಲಿ ನಿಧಿಯ ಉತ್ತರಗಳು ಒಂದರ ಮೇಲೊಂದು ತಪ್ಪಾಗತೊಡಗಿದವು. ನಾನು ಕೆಂಪು ಪೆನ್ನು ಹಿಡಿದು ತಪ್ಪು, ತಪ್ಪು ಅಂತ ಬರೆದೆ.

"ಆದ್ರೆ ಅಮ್ಮಾ, ಇದು ಬಿ ಅಲ್ವಾ?"

"ಅಚ್ಚಾಗಿರೋದು ಡಿ. ಬರೆದವರು ನಿನಗಿಂತ ತಿಳಿದವರು."

ಮೊದಲ ಎರಡು ದಿನ ವಾದ ಮಾಡಿದಳು. ಮೂರನೆಯ ದಿನ ವಾದ ನಿಂತಿತು. ನಾಲ್ಕನೆಯ ದಿನ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ನನ್ನ ಮುಖ ನೋಡಿ, "ಏನಿರ್ಬೇಕು ನೀನೇ ಹೇಳು" ಅಂದಳು. ಐದನೆಯ ದಿನ ತಪ್ಪು ಉತ್ತರಕ್ಕೆ ತಾನೇ ಏನೇನೋ ಕಾರಣ ಕಟ್ಟಿ ಹೇಳತೊಡಗಿದಳು. ಅದು ನನಗೆ ಒಂದಿಷ್ಟೂ ಅರ್ಥವಾಗಲಿಲ್ಲ. ನಮ್ಮ ಕಾಯಿದೆಯ ಪ್ರಕಾರ ನಾನು ಆಗಲೇ ಪಟ್ಟಿಯನ್ನು ಅನುಮಾನಿಸಬೇಕಿತ್ತು. ನಾನು ನನ್ನ ತಲೆಯನ್ನು ಅನುಮಾನಿಸಿದೆ. ಟೆಸ್ಟಿಗೆ ಹತ್ತೇ ದಿನ ಉಳಿದಿತ್ತು. ನಮ್ಮವರು ಹಾಸ್ಟೆಲಿನ ಕಾಗದಗಳನ್ನು ಫ್ರಿಜ್ಜಿನ ಮೇಲೆ ತಂದಿಟ್ಟಿದ್ದರು, ಮೇಲೆ ನಿಂಬೆಹಣ್ಣಿನ ಭಾರ ಹೇರಿ.

ಆರನೆಯ ದಿನ ಪ್ರಶ್ನೆ ಹೀಗಿತ್ತು: ಓಡುತ್ತಿರುವ ಬಸ್ಸು ತಟ್ಟನೆ ನಿಂತರೆ ಒಳಗೆ ನಿಂತ ಪ್ರಯಾಣಿಕರು ಯಾವ ಕಡೆಗೆ ವಾಲುತ್ತಾರೆ? ನಿಧಿ ಸಣ್ಣ ದನಿಯಲ್ಲಿ, "ಮುಂದಕ್ಕೆ?" ಅಂದಳು. ಪಟ್ಟಿ ನೋಡಿದೆ. ಡಿ. ಡಿ ಅಂದರೆ ಹಿಂದಕ್ಕೆ.

ಕೆಂಪು ಪೆನ್ನು ಕಾಗದಕ್ಕೆ ತಾಗಿಸಿದವಳು ಹಾಗೇ ತಡೆದೆ. ಮದುವೆಯಾಗಿ ದೆಹಲಿಗೆ ಬಂದ ಹೊಸತರಲ್ಲಿ ಕರೋಲ್ ಬಾಗಿನಿಂದ ತೆಂಗಿನಕಾಯಿ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದೆ. ಡ್ರೈವರು ಬ್ರೇಕ್ ಹಾಕಿದ್ದೇ ತಡ, ನಾನು ಮುಂದಿನ ಸೀಟಿನ ಅಜ್ಜಿಯ ಹೆಗಲ ಮೇಲೆ, ಚೀಲದ ಕಾಯಿ ಡ್ರೈವರನ ಕಾಲಬುಡದಲ್ಲಿ. "ಬೆಹೆನ್‌ಜೀ, ಯಹೀಂ ಫೋಡ್ ದೂಂ ಕ್ಯಾ?" ಇಲ್ಲೇ ಒಡೆದುಬಿಡಲೇ ಅಂತ ಕೇಳಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಬೇರೆ ಏನು ಮರೆತರೂ ಆ ಕಾಯಿ ಯಾವ ಕಡೆಗೆ ಉರುಳಿತು ಅನ್ನುವುದನ್ನು ನಾನು ಮರೆಯಲಾರೆ.

"ಅಚ್ಚಾಗಿರೋದೇ ತಪ್ಪು," ಅಂದೆ.

ನಿಧಿ ಕಾಗದ ಕಿತ್ತುಕೊಂಡು ತಿರುವಿದಳು. ಪ್ರಶ್ನೆಗಳ ಮೂಲೆಯಲ್ಲಿ ಸೆಟ್ ಒಂದು. ಉತ್ತರಗಳ ಮೂಲೆಯಲ್ಲಿ ಸೆಟ್ ಎರಡು. ಜೆರಾಕ್ಸಿನವನು ಕೊನೆಯ ಹಾಳೆಗಳನ್ನು ಅದಲುಬದಲು ಪಿನ್ನು ಹೊಡೆದಿದ್ದ. ಅವಳು ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಮಂಡಿಯಲ್ಲಿ ಮುಖ ಹುದುಗಿಸಿ ಅತ್ತಳು. "ಆರು ದಿನ ಅಮ್ಮಾ! ನಾನು ಪಾಗಲ್ ಆಗ್ತಿದೀನಿ ಅನ್ಕೊಂಡೆ."

ನಾನು ಎದ್ದು ಹೋಗಿ ದೇವರ ಮುಂದೆ ಇನ್ನೊಂದು ತುಪ್ಪದ ದೀಪ ಹಚ್ಚಿ, ಕೆನ್ನೆ ಕೆನ್ನೆ ಬಡಿದುಕೊಂಡೆ. ಹಿಂದಿನಿಂದ ಮೂಗು ಒರೆಸಿಕೊಳ್ಳುತ್ತಾ ನಿಧಿ ಕೇಳಿದಳು, "ಸಾರಿ ನಂಗೆ ಹೇಳ್ಬೇಕಲ್ವಾ? ಅವರಿಗೆ ಯಾಕೆ ಹೇಳ್ತಿದೀಯಾ?"

ಸರಿಯಾದ ಮಾತು. ಬಂದು ಅವಳ ಮುಂದೆ ಕೂತೆ. "ತಪ್ಪಾಯ್ತು ಪುಟ್ಟೀ."

ಆ ಸಂಜೆ ಎಲ್ಲ 'ತಪ್ಪು'ಗಳನ್ನೂ ಹೊಡೆದು ಸರಿ ಮಾಡಿದೆವು. ಉತ್ತರದ ಪಟ್ಟಿಯನ್ನು ನಾನು ಮಡಿಚಿ ಹತ್ತಿಯ ಬುಟ್ಟಿಯ ತಳಕ್ಕೆ ಹಾಕಿದೆ. ಇನ್ನು ಅದನ್ನು ಕೊನೆಯಲ್ಲಿ ಮಾತ್ರ ನೋಡುವುದು. ಮೊದಲು ಅವಳು ಹೇಳಬೇಕು, ನನಗೆ ಒಪ್ಪಿಗೆಯಾಗಬೇಕು. ಉಳಿದ ಆ ದಿನಗಳಲ್ಲಿ ಅವಳು ಮಾತಾಡಿದ ಹಾಗೆ ಅದಕ್ಕೆ ಮುಂಚೆ ಎಂದೂ ಮಾತಾಡಿರಲಿಲ್ಲ. ಕೈಕಾಲು ಆಡಿಸಿ, ಲಟ್ಟಣಿಗೆ ಉರುಳಿಸಿ, ನನ್ನ ಬಳೆ ಬಿಚ್ಚಿ ಬುಗುರಿಯ ಹಾಗೆ ತಿರುಗಿಸಿ. ಹಿಂದಿ ಬೆರೆತ, ಇಂಗ್ಲಿಷ್ ಬೆರೆತ, ಲಿಂಗ ವಚನ ಯಾವುದಕ್ಕೂ ಸೊಪ್ಪು ಹಾಕದ ಕನ್ನಡ. ನನ್ನ ಕಿವಿಗೆ ಅದು ಸಕ್ಕರೆಯಂತಿತ್ತು.

ಟೆಸ್ಟಿನ ಹಿಂದಿನ ಸಂಜೆ ಕೊನೆಯ ಪ್ರಶ್ನೆಗೆ ಸಿಕ್ಕಿಬಿದ್ದೆವು. ಎದುರುಬದುರು ಎರಡು ದೊಡ್ಡ ಲೋಹದ ತಟ್ಟೆಗಳು. ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುತ್ತು. ನಡುವೆ ಧನ ವಿದ್ಯುತ್ತಿನ ಒಂದು ಸಣ್ಣ ಕಣ. ಅದನ್ನು ಮೊದಲ ತಟ್ಟೆಯಿಂದ ದೂರ ಸರಿಸಿದರೆ ಅದರ ಮೇಲಿನ ಬಲ ಏನಾಗುತ್ತದೆ?

"ಬದಲಾಗಲ್ಲ. ಅಷ್ಟೇ ಇರುತ್ತೆ," ಅಂದಳು ನಿಧಿ.

"ಅದು ಹೇಗೆ? ಒಲೆಯಿಂದ ದೂರ ಹೋದ್ರೆ ಕಾವು ಕಮ್ಮಿ ಆಗಲ್ವಾ?"

"ಫಾರ್ಮುಲಾದಲ್ಲಿ ಹಾಗೇ ಬರುತ್ತೆ ಅಮ್ಮಾ."

"ನಂಗೆ ಅರ್ಥ ಆಗ್ಲಿಲ್ಲ."

"ಚಲೋ, ನಂಗೂ ಬಂದಿಲ್ಲ. ನಾಳೆಗೆ ಇಡು."

ನೂರಾಎಂಟು ಮುಗಿದಿತ್ತು, ಎದ್ದೆವು.

ಟೆಸ್ಟಿನಲ್ಲಿ ಐವತ್ತೊಂಬತ್ತು ಬಂತು. ನಮ್ಮವರು ಫ್ರಿಜ್ಜಿನ ಮೇಲಿನ ಕಾಗದಗಳನ್ನು ತೆಗೆದು, ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟು, "ಪಾನಕ ಮಾಡು, ಹೆಡ್ ಮೇಡಂ" ಅಂದರು. ಅವರ ಬಾಯಲ್ಲಿ ಅಂಥ ಮಾತು ಬರುವುದು ವರ್ಷಕ್ಕೊಮ್ಮೆ. ಆ ಸಂಜೆ ದೀಪ ಹಚ್ಚಿ, ಚಾಪೆ ಹಾಸಿ, ಹತ್ತಿಯ ಬುಟ್ಟಿ ಇಟ್ಟುಕೊಂಡು ಕಾದೆ. ನಿಧಿ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು, "ಅಮ್ಮಾ, ಈಗ ಹೇಗೆ ಓದ್ಬೇಕು ಅಂತ ನಂಗೆ ಗೊತ್ತಾಯ್ತು. ಇನ್ಮೇಲೆ ನಾನೇ ಓದ್ಕೋತೀನಿ. ನೀನು ಆರಾಮಾಗಿ ಬತ್ತಿ ಮಾಡ್ಕೋ."

ಪ್ರೀತಿಯಿಂದಲೇ ಹೇಳಿದಳು. ನನ್ನ ಕೆಲಸ ಹಗುರ ಮಾಡಿದೆ ಅಂದುಕೊಂಡಳು. ಅವಳನ್ನು ಮನೆಯಲ್ಲಿ ಉಳಿಸಿಕೊಡು ಅಂತ ಕೇಳಿದ್ದೆ, ದೇವರು ಉಳಿಸಿಕೊಟ್ಟ. ಸಂಜೆಯನ್ನೂ ಸೇರಿಸಿ ಕೇಳಬೇಕು ಅಂತ ನನಗೆ ತೋಚಿರಲಿಲ್ಲ. ಆವತ್ತು ಬತ್ತಿಯ ಎಣಿಕೆ ಒಂದೂ ತಪ್ಪಲಿಲ್ಲ. ನೂರಾಎಂಟು ಅಷ್ಟು ಬೇಗ ಮುಗಿಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ನಿಧಿ ದೆಹಲಿಯ ಆ ತುದಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಅದೇ ಭೌತಶಾಸ್ತ್ರ. ಇಲ್ಲಿಂದ ಹೋಗಿಬರುವುದಕ್ಕೆ ದಿನಕ್ಕೆ ಐದು ಗಂಟೆ ಬೇಕು. ಹಾಗಾಗಿ ಮುಖರ್ಜಿ ನಗರದ ಹತ್ತಿರ ಪೇಯಿಂಗ್ ಗೆಸ್ಟ್ ಆಗಿ ಮೂವರು ಹುಡುಗಿಯರ ಜೊತೆ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಾಳೆ. ಬಂದವಳು ತಿನ್ನುತ್ತಾಳೆ, ಮಲಗುತ್ತಾಳೆ, ಬಟ್ಟೆ ಒಗೆಸಿಕೊಳ್ಳುತ್ತಾಳೆ, ಹೋಗುತ್ತಾಳೆ. ಒಂದೇ ಊರು ಅಂತ ಹೇಳಿಕೊಳ್ಳಬಹುದು, ಅದೂ ದೇವರ ದಯೆಯೇ. ಚಾಪೆ ಹಾಸಿ ಕೂರು, ಹೇಳು ಅನ್ನುವುದಕ್ಕೆ ನನಗೆ ಯಾಕೋ ಸಂಕೋಚ. ದೊಡ್ಡ ದೊಡ್ಡ ಪ್ರೊಫೆಸರುಗಳ ಮುಂದೆ ಕೂರುವ ಹುಡುಗಿ.

ಮೊನ್ನೆ ಭಾನುವಾರ ಅವಳನ್ನು ಕಳಿಸಲು ಮೆಟ್ರೊ ಸ್ಟೇಷನ್ನಿಗೆ ಹೋಗಿದ್ದೆ. ಟಿಕೆಟ್ ಇಲ್ಲದೆ ಪ್ಲಾಟ್‌ಫಾರಂಗೆ ಬಿಡುವುದಿಲ್ಲವಲ್ಲ, ಪಕ್ಕದ ಸ್ಟೇಷನ್ನಿಗೆ ಒಂದು ಟಿಕೆಟ್ ತೆಗೆದುಕೊಂಡು ನಾನೂ ಒಳಗೆ ಹೋಗುತ್ತೇನೆ. ಹೋಗುವುದು ಎಲ್ಲಿಗೂ ಇಲ್ಲ. ನಮ್ಮವರು ಇದಕ್ಕೆ ಬಯ್ಯುತ್ತಾರೆ, ಬಯ್ಯಲಿ. ಚೀಲದಲ್ಲಿ ಚಟ್ನಿಪುಡಿ, ಕೋಡುಬಳೆ, ಒಗೆದ ಬಟ್ಟೆ. ರೈಲಿನ ಬೆಳಕು ದೂರದಲ್ಲಿ ಕಂಡಿತು. ಅವಳು ಚೀಲ ಹೆಗಲಿಗೇರಿಸಿದಳು. ಆಗ ನನ್ನ ಬಾಯಿಂದ ತಾನೇ ತಾನಾಗಿ ಬಂತು.

"ನಿಧೀ, ಆ ಎರಡು ತಟ್ಟೆಗಳ ಲೆಕ್ಕ ಇತ್ತಲ್ಲ. ನಾಳೆಗೆ ಇಡು ಅಂತ ನೀನೇ ಅಂದಿದ್ದೆ. ಅದು ಆಮೇಲೆ ಏನಾಯ್ತು?"

ಅವಳು ತಿರುಗಿ ನೋಡಿದಳು. ನಗುತ್ತಾಳೆ ಅಂದುಕೊಂಡೆ. ರೈಲು ಬಂದು ನಿಂತಿತು, ಬಾಗಿಲು ತೆರೆಯಿತು, ಜನ ಇಳಿದರು, ಹತ್ತಿದರು. ನಿಧಿ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲೆ ಇಟ್ಟಳು. ಬಾಗಿಲು ಮುಚ್ಚಿತು, ರೈಲು ಹೋಯಿತು.

"ಕೈ ಕೊಡು," ಅಂದಳು. ನನ್ನ ಅಂಗೈಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ತನ್ನ ಬೆರಳ ತುದಿಯನ್ನು ಅದರ ಹತ್ತಿರಕ್ಕೆ ತಂದಳು. "ಒಲೆ ಚಿಕ್ಕದು ಅಮ್ಮಾ. ಅದಕ್ಕೇ ದೂರ ಹೋದ್ರೆ ಕಾವು ಕಮ್ಮಿ. ಈ ತಟ್ಟೆ ಬಹಳ ದೊಡ್ಡದು, ದೀವಾರ್ ಥರ. ಹತ್ರ ಇದ್ದಾಗ ಎದುರಿಗಿರೋ ಚೂರು ಮಾತ್ರ ನೆಟ್ಟಗೆ ತಳ್ಳುತ್ತೆ. ಅಕ್ಕಪಕ್ಕದವು ಅಡ್ಡ ತಳ್ತವೆ, ಆ ಕಡೆದು ಈ ಕಡೆದು ಕ್ಯಾನ್ಸಲ್. ದೂರ ಹೋದಷ್ಟೂ ಎದುರಿನ ಚೂರಿನ ಜೋರು ಕಮ್ಮಿ ಆಗುತ್ತೆ, ಆದ್ರೆ ಅಕ್ಕಪಕ್ಕದವೂ ನೆಟ್ಟಗಾಗಿ ಜೊತೆಗೆ ಸೇರ್ಕೊಳ್ತವೆ. ಅಷ್ಟು ಕಮ್ಮಿ, ಇಷ್ಟು ಜಾಸ್ತಿ. ಒಟ್ಟು ಬಲ ಅಷ್ಟೇ. ಎದುರಿನ ತಟ್ಟೆಯ ಎಳೆತಾನೂ ಹಾಗೇ. ಅದಕ್ಕೇ ಎಷ್ಟು ಸರಿದ್ರೂ ಬದಲಾಗಲ್ಲ."

ಬೆರಳನ್ನು ನಿಧಾನವಾಗಿ ನನ್ನ ಅಂಗೈಯಿಂದ ದೂರ ಒಯ್ದಳು, ಇನ್ನೂ ದೂರ, ತನ್ನ ತೋಳು ಚಾಚುವಷ್ಟು ದೂರ.

"ಅರ್ಥ ಆಯ್ತಾ?"

ಹಳಿಯ ಆ ತುದಿಯಲ್ಲಿ ಮುಂದಿನ ರೈಲಿನ ದೀಪ ಕಾಣಿಸುತ್ತಿತ್ತು. ಕೃಷ್ಣಾ, ಈ ಒಂದು ಸುಳ್ಳನ್ನು ಹೊಟ್ಟೆಗೆ ಹಾಕಿಕೋ ಅಂತ ಮನಸ್ಸಿನಲ್ಲೇ ಕೈ ಮುಗಿದೆ. ನನಗೆ ಪೂರ್ತಿ ಅರ್ಥವಾಗಿತ್ತು.

"ಇಲ್ಲ," ಅಂದೆ. "ಇನ್ನೊಂದ್ಸಲ ಹೇಳು."